ಕಾಲಿಡದ ಬಂಡೆಯ ಮೇಲಿನ ಹಕ್ಕಿಗಳನ್ನು ಎಣಿಸುವ ಬಗೆ

ಮಂಡ್ಯದ ಒಂದು ಸಹಕಾರಿ ಬ್ಯಾಂಕಿನಲ್ಲಿ ನಾನು ಮೂವತ್ತೊಂದು ವರ್ಷ ಕ್ಯಾಷಿಯರ್ ಆಗಿದ್ದೆ. ಮನೆ ಮೈಸೂರಿನ ಸರಸ್ವತಿಪುರದಲ್ಲಿ. ಬೆಳಿಗ್ಗೆ ರೈಲು, ಸಂಜೆ ರೈಲು. ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು, ಶ್ರೀರಂಗಪಟ್ಟಣಕ್ಕೆ ಮೊದಲು ಕಾವೇರಿಯ ಒಂದು ಕವಲು, ಊರು ದಾಟಿದ ಮೇಲೆ ಇನ್ನೊಂದು ಕವಲು. ರೈಲು ಸೇತುವೆಯ ಮೇಲಿರುವಷ್ಟು ಹೊತ್ತು, ಇಪ್ಪತ್ತು ಸೆಕೆಂಡು ಎನ್ನಿ, ಕೆಳಗೆ ನದಿಯ ಬಂಡೆಗಳು ಕಾಣುತ್ತವೆ. ಅವುಗಳ ಮೇಲೆ ನೀರುಕಾಗೆ, ಬಕ, ಬೇಸಗೆಯಾದರೆ ಇಂಗ್ಲಿಷಿನಲ್ಲಿ ಟರ್ನ್ ಎನ್ನುವ ರೀವ. ಕಿಟಕಿ ಪಕ್ಕದ ಸೀಟು ಸಿಕ್ಕಿದ ದಿನ ಕೂತು ಎಣಿಸುತ್ತಿದ್ದೆ, ಸಿಗದ ದಿನ ಬಾಗಿಲ ಬಳಿ ನಿಂತು ಎಣಿಸುತ್ತಿದ್ದೆ. ಎದುರು ಸೀಟಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಗೆಳತಿಯರು ‘ಇವತ್ತಿನ ಶಿಲ್ಕು ಎಷ್ಟಮ್ಮ?’ ಎಂದು ಕೇಳುತ್ತಿದ್ದರು. ಹದಿನಾಲ್ಕು, ಒಂಬತ್ತು, ಮೂವತ್ತೆರಡು ಎಂದು ಹೇಳಿ ಟಿಕೆಟಿನ ಹಿಂದೆ ಬರೆದುಕೊಳ್ಳುತ್ತಿದ್ದೆ.

ನಿವೃತ್ತಿಯ ನಂತರ ಅದೇ ಹುಚ್ಚು ನನ್ನನ್ನು ಸಮುದ್ರದವರೆಗೆ ಕರೆದುಕೊಂಡು ಹೋಯಿತು. ಮುರುಡೇಶ್ವರದ ಆಚೆ ಜನವಸತಿಯಿಲ್ಲದ ಒಂದು ಕಲ್ಲಿನ ದ್ವೀಪವಿದೆ, ನೇತ್ರಾಣಿ. ಅಲ್ಲಿಗೆ ಹೋಗಿಬಂದ ಮೇಲೆ ತಂಗಿಯ ಮಗಳು ಹಟ ಹಿಡಿದಳು, ‘ದೊಡ್ಡಮ್ಮ, ನನಗೂ ಎಣಿಸುವುದನ್ನು ಹೇಳಿಕೊಡಿ’ ಎಂದು. ಹೇಳಿಕೊಡಲು ಹೊರಟಾಗ, ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಹಕ್ಕಿಗಳಿಂದ ಬಂದದ್ದೇ ಅಲ್ಲ, ನೋಟಿನ ಕಟ್ಟುಗಳಿಂದ ಬಂದದ್ದು ಎಂದು ತಿಳಿಯಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮನೆಯಲ್ಲಿ ಅಭ್ಯಾಸ. ದುರ್ಬೀನು ಕೊಳ್ಳಲು ಓಡಬೇಡಿ. ಒಂದು ಮೊರ ತೆಗೆದುಕೊಳ್ಳಿ. ಬೇರೆಯವರ ಕೈಯಲ್ಲಿ ಅದರ ಮೇಲೆ ಒಂದು ಹಿಡಿ ಹುರುಳಿಕಾಳು ಚೆಲ್ಲಿಸಿ. ಐದು ಸೆಕೆಂಡು ನೋಡಿ, ಮುಖ ತಿರುಗಿಸಿ, ಎಷ್ಟಿರಬಹುದೆಂದು ಚೀಟಿಯಲ್ಲಿ ಬರೆಯಿರಿ. ಆಮೇಲೆ ನಿಜವಾಗಿ ಎಣಿಸಿ. ನೂರು ಕಾಳು ದಾಟಿದ ಮೇಲೆ ಕಣ್ಣು ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತದೆ. ನನ್ನ ಕಣ್ಣು ಮೊದಲ ವಾರ ನೂರೈವತ್ತಕ್ಕೆ ತೊಂಬತ್ತು ಎನ್ನುತ್ತಿತ್ತು. ನಮ್ಮ ಯಜಮಾನರ ಕಣ್ಣು ಅರುವತ್ತು ಎನ್ನುತ್ತಿತ್ತು, ಅವರು ಲೆಕ್ಕ ಪರಿಶೋಧಕರಾಗಿದ್ದವರು ಬೇರೆ. ಹದಿನೈದು ದಿನ ಸಾರಿಗೆ ಹುರುಳಿ ನೆನೆಹಾಕುವ ಮೊದಲು ಈ ಆಟ ಆಡಿದರೆ ಸಾಕು, ನಿಮ್ಮ ಕಣ್ಣು ಎಷ್ಟು ಕಡಿಮೆ ಹೇಳುತ್ತದೆ ಎಂಬುದು ನಿಮಗೇ ಗೊತ್ತಾಗುತ್ತದೆ. ತಪ್ಪು ಪೂರ್ತಿ ಹೋಗುವುದಿಲ್ಲ. ತಪ್ಪಿನ ಅಳತೆ ಕೈಗೆ ಸಿಗುತ್ತದೆ.

ಇನ್ನು ಕಟ್ಟು ಕಟ್ಟುವುದು. ಬ್ಯಾಂಕಿನಲ್ಲಿ ನೂರು ನೋಟಿಗೆ ಒಂದು ಪ್ಯಾಕೆಟ್, ಹತ್ತು ಪ್ಯಾಕೆಟ್ಟಿಗೆ ಒಂದು ಬಂಡಲ್. ಸಾವಿರ ನೋಟನ್ನು ಒಂದರಿಂದ ಸಾವಿರದವರೆಗೆ ಯಾರೂ ಎಣಿಸುವುದಿಲ್ಲ. ನಡುವೆ ಮ್ಯಾನೇಜರ್ ಕರೆದರೆ ಮತ್ತೆ ಒಂದರಿಂದ ಶುರುಮಾಡಬೇಕಾಗುತ್ತದೆ. ಹಕ್ಕಿಯನ್ನೂ ಹಾಗೆಯೇ ಹತ್ತು ಹತ್ತಾಗಿ ಹಿಡಿಯಬೇಕು. ಬಂಡೆಯ ಎಡ ತುದಿಯಲ್ಲಿ ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂದು ನೋಡಿಕೊಳ್ಳಿ. ಆ ಜಾಗವನ್ನೇ ಅಚ್ಚಿನಂತೆ ಮುಂದೆ ಮುಂದೆ ಇಡುತ್ತಾ ಹೋಗಿ. ದಟ್ಟಣೆ ಬದಲಾದ ಕಡೆ ಮತ್ತೆ ಹತ್ತು ಎಣಿಸಿ ಹೊಸ ಅಚ್ಚು ಮಾಡಿಕೊಳ್ಳಿ. ಪ್ರತಿ ಹತ್ತಕ್ಕೆ ಒಂದು ಹುಣಸೆ ಬೀಜವನ್ನು ಬಲ ಜೇಬಿನಿಂದ ಎಡ ಜೇಬಿಗೆ ಹಾಕಿ. ಗುಂಡಿ ಒತ್ತಿ ಎಣಿಸುವ ಯಂತ್ರವೂ ಸಿಗುತ್ತದೆ, ನನ್ನ ಬಳಿಯೂ ಇದೆ. ಆದರೆ ದೋಣಿ ಅಲುಗಿದಾಗ ಬೆರಳು ತಾನೇ ಎರಡು ಸಲ ಒತ್ತುತ್ತದೆ. ಹುಣಸೆ ಬೀಜ ತಾನಾಗಿ ಜೇಬು ಬದಲಿಸುವುದಿಲ್ಲ.

ದುರ್ಬೀನಿನ ವಿಚಾರ ಬೇಗ ಮುಗಿಸುತ್ತೇನೆ. ಹೆಚ್ಚು ದೊಡ್ಡದು ಮಾಡಿ ತೋರಿಸುವುದು ಒಳ್ಳೆಯದೆಂದು ಅಂಗಡಿಯವರು ಹೇಳುತ್ತಾರೆ. ದಡದಲ್ಲಿ ಕೂತವರಿಗೆ ಅದು ಸರಿ. ದೋಣಿಯಲ್ಲಿ ಹಕ್ಕಿ ದೊಡ್ಡದಾದಷ್ಟೇ ನಿಮ್ಮ ಕೈನಡುಕವೂ ದೊಡ್ಡದಾಗುತ್ತದೆ. ಎಂಟು ಪಟ್ಟು ಸಾಕು, ಏಳಾದರೂ ಆಗಬಹುದು. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಕೂತೇ ನೋಡಿ.

ಅಭ್ಯಾಸಕ್ಕೆ ನಮ್ಮವರಿಗೆ ರಂಗನತಿಟ್ಟಿಗಿಂತ ಒಳ್ಳೆಯ ಜಾಗ ಎಲ್ಲಿದೆ? ಶ್ರೀರಂಗಪಟ್ಟಣ ತಾಲ್ಲೂಕು, ಮೈಸೂರಿನಿಂದ ಅರ್ಧ ಗಂಟೆ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದ ಮೇಲೆ ಉಂಟಾದ ನಡುಗಡ್ಡೆಗಳು ಇವು. ಪಕ್ಷಿತಜ್ಞ ಸಲೀಂ ಅಲಿಯವರು ನೋಡಿ ಒತ್ತಾಯಿಸಿದ ಮೇಲೆ ಮೈಸೂರು ಸಂಸ್ಥಾನ 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ರಾಮ್ಸರ್ ಪಟ್ಟಿಗೆ ಸೇರಿತು, ಕರ್ನಾಟಕದಿಂದ ಆ ಪಟ್ಟಿಗೆ ಹೋದ ಮೊದಲ ತಾಣ. ಬಂದವರೆಲ್ಲ ಮರಗಳ ಮೇಲಿನ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ನೋಡಿ ಹೋಗುತ್ತಾರೆ. ನೀವು ಮರ ಬಿಟ್ಟು ನದಿ ನಡುವಿನ ಬೋಳು ಬಂಡೆಗಳನ್ನು ನೋಡಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ನದಿ ರೀವ ಮೊಟ್ಟೆಯಿಡುತ್ತದೆ. ಹಳದಿ ಕೊಕ್ಕು, ಕಪ್ಪು ಟೋಪಿ, ಸೀಳಿದ ಬಾಲ, ಗಿಡ್ಡ ಕೆಂಪು ಕಾಲು. ಗೂಡೆಂಬುದು ಹೆಸರಿಗೆ ಮಾತ್ರ. ಬಂಡೆಯ ಮೇಲೆ ಒಂದು ತಗ್ಗು, ಒಂದಿಷ್ಟು ಮರಳು ಇದ್ದರೆ ಆಯಿತು. ಕಡಲ ಬಂಡೆಗಳ ಮೇಲೆ ಗೂಡು ಮಾಡುವ ರೀವಗಳದ್ದೂ ಬಹುಮಟ್ಟಿಗೆ ಇದೇ ಸಂಸಾರ. ಕಡಲಿಲ್ಲದ ಊರಿನಲ್ಲಿದ್ದುಕೊಂಡು ಕಡಲ ಹಕ್ಕಿಯ ಪಾಠ ಕಲಿಯಲು ಇಷ್ಟು ಹತ್ತಿರದ ನೆಂಟರು ಸಿಗುವುದು ಪುಣ್ಯವೇ.

ದೋಣಿ ಹತ್ತಿದ ತಕ್ಷಣ ಎಣಿಸಲು ಕೂರಬೇಡಿ. ಮೊದಲು ಬಂಡೆಯ ಚಿತ್ರ ಬರೆಯಿರಿ. ಚಿತ್ರಕಲೆ ಬರಬೇಕಿಲ್ಲ, ಆಲೂಗಡ್ಡೆಯಂತೆ ಒಂದು ಗೆರೆ ಎಳೆದರೆ ಸಾಕು. ಅದರಲ್ಲಿ ಅಲುಗದ ಗುರುತುಗಳನ್ನು ಹುಡುಕಿ: ಒಂದು ಬಿರುಕು, ಒಂದು ಪೊದೆ, ಹಿಕ್ಕೆ ಇಳಿದ ಬಿಳಿ ಪಟ್ಟೆ. ಗುರುತಿನಿಂದ ಗುರುತಿಗೆ ಗೆರೆ ಎಳೆದು ಬಂಡೆಯನ್ನು ನಾಲ್ಕೋ ಐದೋ ಖಾನೆ ಮಾಡಿ, ಅಂಕಿ ಕೊಡಿ. ಗುರುತು ನಿಜಕ್ಕೂ ಅಲುಗದ್ದೇ ಎಂದು ಖಾತ್ರಿ ಮಾಡಿಕೊಳ್ಳಿ. ಒಮ್ಮೆ ನಾನು ಮೂರನೆಯ ಖಾನೆಗೂ ನಾಲ್ಕನೆಯದಕ್ಕೂ ನಡುವೆ ಒಂದು ಉದ್ದನೆಯ ಬೂದು ಕಲ್ಲನ್ನು ಗಡಿ ಎಂದು ಹಾಕಿಕೊಂಡಿದ್ದೆ. ಎಣಿಕೆ ಅರ್ಧವಾಗುವಾಗ ಆ ಕಲ್ಲು ನಿಧಾನವಾಗಿ ನೀರಿಗಿಳಿದು ಹೋಯಿತು. ದೋಣಿಯವರು, ‘ಅಮ್ಮ, ನಿಮ್ಮ ಗಡಿ ಊಟಕ್ಕೆ ಹೊರಟಿತು’ ಎಂದರು. ರಂಗನತಿಟ್ಟಿನಲ್ಲಿ ಮೊಸಳೆಗಳು ಎಷ್ಟಿವೆ ಎಂದು ಹೋದವರಿಗೆ ಹೇಳಬೇಕಾಗಿಲ್ಲ.

ಚಿತ್ರದ ಮೂಲೆಯಲ್ಲಿ ನೀರಿನ ಮಟ್ಟವನ್ನೂ ಬರೆಯಿರಿ. ಮೇಲೆ ಕನ್ನಂಬಾಡಿಯಿಂದ ನೀರು ಬಿಟ್ಟರೆ ತಗ್ಗಿನ ಬಂಡೆಗಳು ಮುಳುಗುತ್ತವೆ, ಮೊಟ್ಟೆಯೂ ಹೋಗುತ್ತದೆ. ಮುಂದಿನ ವಾರ ಹೋಗಿ ‘ರೀವ ಕಡಿಮೆಯಾಗಿದೆ’ ಎಂದು ಬರೆದರೆ ಅದು ಅರ್ಧ ಸತ್ಯ. ಕಡಿಮೆಯಾದದ್ದು ಬಂಡೆ. ಸಮುದ್ರದಲ್ಲಿ ಇದೇ ಕೆಲಸವನ್ನು ಉಬ್ಬರ ಇಳಿತ ದಿನಕ್ಕೆ ಎರಡೆರಡು ಸಲ ಮಾಡುತ್ತದೆ. ಬಂಡೆಯ ಮೇಲಿನ ಒದ್ದೆ ಗೆರೆ ಹಕ್ಕಿಗಳು ಕೂತ ಜಾಗದಿಂದ ಎಷ್ಟು ಕೆಳಗಿದೆ, ಒಂದು ಆಳೋ ಅರ್ಧ ಆಳೋ, ಅಷ್ಟು ಬರೆದರೆ ಸಾಕು.

ಈಗ ಮುಖ್ಯವಾದದ್ದು. ನೀವು ಏನನ್ನು ಎಣಿಸುತ್ತಿದ್ದೀರಿ?

ಈ ಪ್ರಶ್ನೆ ಕೇಳಿದರೆ ಎಲ್ಲರೂ ನಗುತ್ತಾರೆ, ಹಕ್ಕಿಯನ್ನಲ್ಲದೆ ಇನ್ನೇನು ಎಂದು. ಬಂಡೆಯ ಮೇಲೆ ನಲವತ್ತು ರೀವಗಳಿವೆ. ಅದರಲ್ಲಿ ಕಾವಿಗೆ ಕೂತದ್ದೆಷ್ಟು, ಸುಮ್ಮನೆ ನಿಂತದ್ದೆಷ್ಟು? ಕಾವಿಗೆ ಕೂತ ಒಂದರ ಜೋಡಿ ಮೀನಿಗೆ ಹೋಗಿದೆ, ಇನ್ನೊಂದರ ಜೋಡಿ ಪಕ್ಕದಲ್ಲೇ ನಿಂತಿದೆ. ನಲವತ್ತು ಹಕ್ಕಿ ಎಂದರೆ ಇಪ್ಪತ್ತು ಜೋಡಿಯೂ ಆಗಬಹುದು, ಮೂವತ್ತು ಜೋಡಿಯೂ ಆಗಬಹುದು. ನೂರರ ನೋಟನ್ನೂ ಐನೂರರ ನೋಟನ್ನೂ ಒಂದೇ ಕಟ್ಟಿಗೆ ಹಾಕಿ ‘ನಲವತ್ತು ನೋಟಿದೆ’ ಎಂದರೆ ಯಾವ ಬ್ಯಾಂಕು ಒಪ್ಪುತ್ತದೆ?

ಕಡಲ ಹಕ್ಕಿಗಳನ್ನು ಎಣಿಸುವುದರಲ್ಲಿ ಪಳಗಿದವರು ಇದಕ್ಕೆ ಹಕ್ಕಿಗೊಂದು ನೇಮ ಮಾಡಿಕೊಂಡಿದ್ದಾರೆ. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಬಾಸ್ ರಾಕ್ ಎಂಬ ಬಂಡೆಯಿದೆ. ಆರಿದ ಜ್ವಾಲಾಮುಖಿಯ ಗಂಟಲಲ್ಲಿ ಗಟ್ಟಿಯಾದ ಕಲ್ಲು, ನೀರಿನಿಂದ ಸುಮಾರು ನೂರು ಮೀಟರ್ ಎತ್ತರ. ಅದರ ಮೇಲೆ ಗ್ಯಾನೆಟ್ ಎಂಬ ದೊಡ್ಡ ಬಿಳಿ ಹಕ್ಕಿಗಳು ಎಷ್ಟು ಒತ್ತಾಗಿ ಕೂರುತ್ತವೆ ಎಂದರೆ ದೂರಕ್ಕೆ ಬಂಡೆಯ ಮೇಲೆ ಸುಣ್ಣ ಬಳಿದಂತೆ ಕಾಣುತ್ತದೆ. ಒಂದರ ಕೊಕ್ಕು ಇನ್ನೊಂದಕ್ಕೆ ತಾಗುವಷ್ಟು ಮಾತ್ರ ಅಂತರ. ಆ ಹಕ್ಕಿಯ ವೈಜ್ಞಾನಿಕ ಹೆಸರಿನಲ್ಲೇ ಈ ಬಂಡೆಯ ಹೆಸರಿದೆ. ಅಲ್ಲಿ ಹಕ್ಕಿಯನ್ನು ಎಣಿಸುವುದಿಲ್ಲ, ಹಿಡಿದ ಜಾಗವನ್ನು ಎಣಿಸುತ್ತಾರೆ. ಒಂದು ಹಕ್ಕಿ ಕೂತಿರಲಿ, ಎರಡು ಕೂತಿರಲಿ, ಒಂದು ಜಾಗ ಎಂದರೆ ಒಂದು ಲೆಕ್ಕ. 2014ರಲ್ಲಿ ಅಂಥ ಜಾಗಗಳು 75 ಸಾವಿರಕ್ಕೂ ಹೆಚ್ಚಿದ್ದವು. 2022ರಲ್ಲಿ ಹಕ್ಕಿಜ್ವರ ಬಂತು. 2023ರಲ್ಲಿ ಎಣಿಸಿದಾಗ ಸುಮಾರು 52 ಸಾವಿರ. ಎರಡು ಸಲವೂ ಅದೇ ಮೂಲಮಾನ ಹಿಡಿದದ್ದರಿಂದಲೇ ಎಷ್ಟು ಹೋಯಿತು ಎಂದು ಹೇಳಲು ಸಾಧ್ಯವಾಯಿತು. ಒಮ್ಮೆ ಹಕ್ಕಿ, ಒಮ್ಮೆ ಜಾಗ ಎಣಿಸಿದ್ದರೆ ಸಾವಿನ ಲೆಕ್ಕವೂ ಸಿಗುತ್ತಿರಲಿಲ್ಲ. ಗಿಲಿಮಾಟ್ ಎಂಬ ಇನ್ನೊಂದು ಹಕ್ಕಿ ಗೂಡನ್ನೇ ಕಟ್ಟದೆ ಬೋಳು ಕಲ್ಲಿನ ಅಂಚಿನಲ್ಲಿ ಮೊಟ್ಟೆಯಿಡುತ್ತದೆ. ಹಾಗಾಗಿ ಅದರಲ್ಲಿ ಹಕ್ಕಿಯನ್ನೇ ಎಣಿಸುತ್ತಾರೆ, ಅದೂ ಜೂನ್ ಮೊದಲ ಮೂರು ವಾರ, ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ. ಹೊತ್ತು ಬದಲಾದರೆ ಎಣಿಕೆಯೂ ಬದಲಾಗುತ್ತದೆ.

ರೀವಕ್ಕೆ ನಾನು ಮಾಡುವುದು ಹೀಗೆ. ಪುಟದಲ್ಲಿ ಮೂರು ಕಂಬಸಾಲು: ಕೂತದ್ದು, ನಿಂತದ್ದು, ಹಾರುತ್ತಿರುವುದು. ಕೂತದ್ದನ್ನು ಮೊದಲು ಎಣಿಸಿ. ಕಾವಿಗೆ ಕೂತ ಹಕ್ಕಿಯ ಹೊಟ್ಟೆ ಕಲ್ಲಿಗೆ ಅಂಟಿರುತ್ತದೆ, ಬಾಲ ಸ್ವಲ್ಪ ಮೇಲೆದ್ದಿರುತ್ತದೆ, ಮುಖ ಗಾಳಿಯ ಕಡೆಗೆ. ಸುಮ್ಮನೆ ಕೂತದ್ದೂ ಹಾಗೆಯೇ ಕಾಣಬಹುದು. ಅದಕ್ಕೇ ಹತ್ತು ನಿಮಿಷ ಬಿಟ್ಟು ಅದೇ ಖಾನೆಯನ್ನು ಇನ್ನೊಮ್ಮೆ ನೋಡಬೇಕು. ಅದೇ ತಗ್ಗಿನಲ್ಲಿ ಈಗಲೂ ಕೂತಿದ್ದರೆ, ಅಥವಾ ಒಂದು ಎದ್ದು ಇನ್ನೊಂದು ಅದೇ ಜಾಗಕ್ಕೆ ಬಂದು ಕೂತರೆ, ಅದು ಗೂಡು. ರೆಕ್ಕೆ ಬಿಚ್ಚಿ ನಿಂತ ನೀರುಕಾಗೆಗಳು ಬಟ್ಟೆ ಒಣಗಿಸಲು ಬಂದವು, ಅವುಗಳನ್ನು ಬೇರೆ ಪುಟದಲ್ಲಿ ಬರೆಯಿರಿ. ಬಂಡೆಯ ಸಂದಿನಲ್ಲಿ ಕಲ್ಲಿನದೇ ಬಣ್ಣದ, ದಪ್ಪ ಮಂಡಿಯ ಕಲ್ಲುಗೊರವ ಕೂತಿರುತ್ತದೆ. ಅದರ ದೊಡ್ಡ ಹಳದಿ ಕಣ್ಣು ಕಾಣುವವರೆಗೆ ನೀವು ಅದನ್ನು ಎಣಿಸಿರುವುದಿಲ್ಲ. ನಾನು ಅಷ್ಟು ವರ್ಷ ರೈಲಿನಿಂದ ಅದನ್ನು ಒಮ್ಮೆಯೂ ಎಣಿಸಿರಲಿಲ್ಲ, ಅಲ್ಲೇ ಇತ್ತೇನೋ.

ಬಂಡೆಯ ಮೇಲೆ ಏಕೆ ಕಾಲಿಡಬಾರದು ಎಂದು ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಇಟ್ಟಿದ್ದೇನೆ. 2009ರ ಏಪ್ರಿಲ್, ಕನ್ನಂಬಾಡಿಯ ಹಿನ್ನೀರು ಇಳಿದು ದಡದಿಂದ ದೂರದಲ್ಲಿ ಒಂದು ಕಲ್ಲುದಿಬ್ಬ ಎದ್ದಿತ್ತು. ಮೀನು ಹಿಡಿಯುವವರ ಹರಿಗೋಲಿನಲ್ಲಿ ಹೋದೆ. ದೂರದಿಂದ ಹನ್ನೆರಡು ಕೂತದ್ದು ಎಂದು ಎಣಿಸಿದ್ದೆ. ಕ್ಯಾಷಿಯರ್ ಬುದ್ಧಿ ಕೇಳಬೇಕಲ್ಲ, ಮುಟ್ಟಿ ನೋಡದೆ ಲೆಕ್ಕ ಮುಚ್ಚಲು ಮನಸ್ಸಾಗಲಿಲ್ಲ. ಇಳಿದೆ.

ಎಲ್ಲವೂ ಒಟ್ಟಿಗೆ ಎದ್ದವು. ತಲೆಯ ಮೇಲೆ ಕಿರುಚಾಟ. ಒಂದು ನೇರ ಎರಗಿ ನನ್ನ ಸೆರಗು ಹೊದ್ದ ತಲೆಗೆ ಕುಕ್ಕಿತು. ಮೊಟ್ಟೆ ಎಲ್ಲಿ ಎಂದು ಕಾಣದೆ ನಿಂತೆ. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ ನನ್ನ ಎಡ ಚಪ್ಪಲಿಯಿಂದ ಒಂದು ಗೇಣು ದೂರದಲ್ಲಿ ಮೂರು ಮೊಟ್ಟೆ, ಕಲ್ಲಿನ ಬಣ್ಣದ ಮೇಲೆ ಕಂದು ಚುಕ್ಕೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಅವುಗಳ ಮೇಲೆ. ಅಂಗೈ ಕಲ್ಲಿಗೆ ಇಟ್ಟೆ, ಸುಟ್ಟಂತಾಯಿತು. ಆ ಬಿಸಿಲಿನಲ್ಲಿ ತಾಯಿ ಹಕ್ಕಿ ಕೂರುವುದು ಮೊಟ್ಟೆಗೆ ಕಾವು ಕೊಡುವುದಕ್ಕಿಂತ ನೆರಳು ಕೊಡುವುದಕ್ಕೇ ಹೆಚ್ಚು. ಎದೆಯ ಗರಿಯನ್ನು ನೀರಿಗೆ ಅದ್ದಿಕೊಂಡು ಬಂದು ಒದ್ದೆ ಹೊಟ್ಟೆಯಲ್ಲಿ ಮೊಟ್ಟೆಯ ಮೇಲೆ ಕೂರುವುದನ್ನು ಆಮೇಲೆ ಎಷ್ಟೋ ಸಲ ದೂರದಿಂದ ನೋಡಿದ್ದೇನೆ. ಅವತ್ತು ನಾನು ಅಲ್ಲಿದ್ದದ್ದು ಹನ್ನೊಂದು ನಿಮಿಷ. ಹರಿಗೋಲು ದೂರ ಬರುತ್ತಿದ್ದಂತೆ ಎರಡು ಕಾಗೆ ಬಂದವು. ರೀವಗಳು ನನ್ನ ಹಿಂದೆ ಅಟ್ಟಿಸಿಕೊಂಡು ಬರುತ್ತಿದ್ದವು, ಕಾಗೆಗಳ ಕಡೆ ನೋಡುವವರಿರಲಿಲ್ಲ. ಒಂದು ಕಾಗೆ ಕೊಕ್ಕಿನಲ್ಲಿ ಏನೋ ಹಿಡಿದು ಹೋಯಿತು. ಏನು ಎಂದು ದುರ್ಬೀನು ಎತ್ತಿ ನೋಡುವ ಧೈರ್ಯ ಬರಲಿಲ್ಲ. ಇಳಿದು ಎಣಿಸಿದ ಗೂಡು ಎಷ್ಟು ಗೊತ್ತೇ? ಏಳು. ದೂರದಿಂದ ಎಣಿಸಿದ ಹನ್ನೆರಡೇ ಸರಿಯಾಗಿತ್ತು. ಹತ್ತಿರ ಹೋದ ಮೇಲೆ ಮೊಟ್ಟೆ ಕಲ್ಲಿನಲ್ಲಿ ಕರಗಿಹೋಗುತ್ತದೆ, ಮೇಲೆ ಕೂತ ಹಕ್ಕಿಯೇ ಅದರ ಗುರುತು, ಆ ಗುರುತನ್ನೇ ನಾನು ಎಬ್ಬಿಸಿಬಿಟ್ಟಿದ್ದೆ.

ಎಷ್ಟು ದೂರ ನಿಲ್ಲಬೇಕು ಎಂಬುದಕ್ಕೆ ಮೀಟರಿನ ಲೆಕ್ಕ ನಾನು ಕೊಡುವುದಿಲ್ಲ. ಹಕ್ಕಿಯೇ ಹೇಳುತ್ತದೆ. ಗರಿ ತಿದ್ದಿಕೊಳ್ಳುತ್ತಿದ್ದದ್ದು ನಿಲ್ಲಿಸಿ ಕತ್ತು ಎತ್ತಿದರೆ ನೀವು ಗಡಿ ಮುಟ್ಟಿದ್ದೀರಿ. ಎರಡು ಮೂರು ಹಕ್ಕಿ ಕತ್ತೆತ್ತಿ ಕಾಲು ಬದಲಿಸಿದರೆ ದಾಟಿದ್ದೀರಿ, ದೋಣಿಯನ್ನು ಹಿಂದಕ್ಕೆ ಒಯ್ಯಲು ಹೇಳಿ. ಹಾರಿದ ಮೇಲೆ ಹಿಂದೆ ಸರಿಯುವುದು ಹಣ ಹೋದ ಮೇಲೆ ಕೌಂಟರ್ ಮುಚ್ಚಿದಂತೆ. ಫೋಟೋಗೆ ಹಕ್ಕಿ ಏಳಲಿ ಎಂದು ಚಪ್ಪಾಳೆ ತಟ್ಟುವವರು ಪ್ರತಿ ದೋಣಿಯಲ್ಲೂ ಒಬ್ಬರಿರುತ್ತಾರೆ. ಅವರ ಪಕ್ಕದಲ್ಲಿ ಕೂತು ಕೈಗೆ ಕಡಲೆಕಾಯಿ ಪೊಟ್ಟಣ ಕೊಡಿ. ಕೈ ಬಿಡುವಾಗಿರುವುದಿಲ್ಲ.

ಫೋಟೋ ಒಳ್ಳೆಯದೇ. ಮೊಬೈಲಿನಲ್ಲಿ ಬಂಡೆಯ ಎಡದಿಂದ ಬಲಕ್ಕೆ, ಒಂದರ ಅಂಚು ಇನ್ನೊಂದರೊಳಗೆ ಸ್ವಲ್ಪ ಬರುವಂತೆ ತೆಗೆದುಕೊಳ್ಳಿ. ಕಂಪ್ಯೂಟರಿನಲ್ಲಿ ಚುಕ್ಕೆ ಇಟ್ಟು ಎಣಿಸುವವರು ಹಾಗೆ ಮಾಡಲಿ. ನಾನು ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಗೆ ಮುದ್ರಿಸಿಕೊಂಡು, ಕೆಳಗೊಂದು ಮಡಿಸಿದ ಟವೆಲ್ ಇಟ್ಟು, ಪ್ರತಿ ಹಕ್ಕಿಗೂ ಗುಂಡುಸೂಜಿಯಿಂದ ಒಂದು ತೂತು ಚುಚ್ಚುತ್ತೇನೆ. ಆಮೇಲೆ ಹಾಳೆಯನ್ನು ತಿರುಗಿಸಿ ಕಿಟಕಿಗೆ ಹಿಡಿದರೆ ಹಕ್ಕಿಯೂ ಇಲ್ಲ ಬಂಡೆಯೂ ಇಲ್ಲ, ಬರೀ ಬೆಳಕಿನ ಚುಕ್ಕಿಗಳು. ಅವುಗಳನ್ನು ಎಣಿಸಿದರೆ ಕಣ್ಣಿಗೆ ಮೋಸವಿಲ್ಲ. ಮುಂದಿನ ಕಡೆ ಎಣಿಸಿದ ಸಂಖ್ಯೆ, ಹಿಂದಿನ ಕಡೆ ಎಣಿಸಿದ ಸಂಖ್ಯೆ ಎರಡನ್ನೂ ಮೂಲೆಯಲ್ಲಿ ಬರೆಯುತ್ತೇನೆ.

ಎರಡೂ ತಾಳೆಯಾಗದಿದ್ದರೆ? ಬ್ಯಾಂಕಿನಲ್ಲಿ ಸಂಜೆ ಹತ್ತು ರೂಪಾಯಿ ಕಡಿಮೆ ಬಂದರೆ ಎಲ್ಲರೂ ಕೂತು ಹುಡುಕಬೇಕು, ಸಿಗದಿದ್ದರೆ ಕ್ಯಾಷಿಯರ್ ಜೇಬಿನಿಂದ ಹೋಗುತ್ತದೆ. ಈ ಚಾಳಿಯನ್ನು ಬಂಡೆಗೆ ತರಬೇಡಿ. ನನಗೆ ಇದನ್ನು ಬಿಡಲು ವರ್ಷಗಳೇ ಬೇಕಾದವು. ಮೊದಲ ಎಣಿಕೆ 46, ಎರಡನೆಯದು 53 ಬಂದರೆ 50 ಎಂದು ಬರೆದು ನಿದ್ದೆ ಮಾಡುವುದಲ್ಲ. 46, 53 ಎಂದೇ ಬರೆಯಿರಿ. ಆ ಏಳು ಹಕ್ಕಿಯ ಅಂತರ ನಿಮ್ಮ ಕಣ್ಣಿನ, ಅವತ್ತಿನ ಗಾಳಿಯ, ದೋಣಿಯ ಅಲುಗಾಟದ ಲೆಕ್ಕ. ಮುಂದಿನ ವರ್ಷ 49 ಬಂದರೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಜಗಳವಾಡಬೇಕಿಲ್ಲ ಎಂದು ಆ ಅಂತರವೇ ಹೇಳುತ್ತದೆ. ಹಕ್ಕಿ ಎಣಿಕೆಗಳನ್ನು ದಾಖಲಿಸುವ ಜಾಲತಾಣ ಇಬರ್ಡ್‌ನಲ್ಲಿ ಹಾಕುವವರು ಹಕ್ಕಿಗಳ ಸಂಖ್ಯೆಯನ್ನು ಸಂಖ್ಯೆಯ ಜಾಗದಲ್ಲಿ, ಗೂಡಿನ ಲೆಕ್ಕವನ್ನು ಟಿಪ್ಪಣಿಯಲ್ಲಿ ಬರೆಯಲಿ. ಎಣಿಸಲೇ ಆಗದಿದ್ದರೆ ಅಲ್ಲಿ ‘ಎಕ್ಸ್’ ಎಂದು ಹಾಕಲು ಅವಕಾಶವಿದೆ. ಊಹಿಸಿ ದುಂಡು ಸಂಖ್ಯೆ ಹಾಕುವುದಕ್ಕಿಂತ ಅದು ಮೇಲು.

ಬಂಡೆಗೆ ಬೆನ್ನೂ ಇರುತ್ತದೆ. ನಿಮಗೆ ಕಂಡದ್ದು ಒಂದು ಬದಿ. ಈ ಬದಿಯಲ್ಲಿ ಮೂವತ್ತು ಇದ್ದರೆ ಆ ಬದಿಯಲ್ಲೂ ಮೂವತ್ತು ಎಂದು ಗುಣಿಸುವವರನ್ನು ನೋಡಿದ್ದೇನೆ. ಗಾಳಿ ಹೊಡೆಯುವ ಬದಿಯೂ ಮರೆಯ ಬದಿಯೂ ಒಂದೇ ಆಗುವುದಿಲ್ಲ, ಬಿಸಿಲೂ ಅಷ್ಟೇ. ಕಾಣದ್ದನ್ನು ಕಂಡಿಲ್ಲ ಎಂದು ಬರೆಯಿರಿ.

ಇಷ್ಟು ರೂಢಿಯಾದ ಮೇಲೆ ಕಡಲಿಗೆ ಹೋಗಬಹುದು. ಮೈಸೂರಿನ ಮೇಲೆ ಹಾದು ಮುರುಡೇಶ್ವರಕ್ಕೆ ಹೋಗುವ ರಾತ್ರಿ ರೈಲು ಈಗ ಇದೆ. ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್. ನೀರಿನಡಿ ಮುಳುಗಿ ಹವಳ, ಮೀನು ನೋಡುವವರನ್ನು ಒಯ್ಯುವ ದೋಣಿಗಳು ಹೋಗುತ್ತವೆ. ಅವರು ಮುಳುಗಿರುವಷ್ಟು ಹೊತ್ತು ದೋಣಿ ದ್ವೀಪದ ಬಳಿ ನಿಲ್ಲುತ್ತದೆ, ನಮಗೆ ಬೇಕಾದದ್ದೂ ಅದೇ. ಮಳೆಗಾಲದಲ್ಲಿ ಆಸೆ ಬಿಡಿ. ಜೂನ್ ಒಂದರಿಂದ ಜುಲೈ ಮುಗಿಯುವವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ, ಕಡಲೂ ಯಾರ ಮಾತನ್ನೂ ಕೇಳುವುದಿಲ್ಲ. ಡಿಸೆಂಬರ್, ಜನವರಿ ಒಳ್ಳೆಯದು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತುಂಬಿದ ಹೊಟ್ಟೆಯಲ್ಲೂ ಬೇಡ. ಎರಡು ಇಡ್ಲಿ, ಸಾಂಬಾರ್ ಇಲ್ಲದೆ. ವಾಕರಿಕೆ ಬಂದಾಗ ದುರ್ಬೀನು ಇಳಿಸಿ ದಿಗಂತ ನೋಡಿ. ನಮ್ಮ ಯಜಮಾನರು ದಿಗಂತ ನೋಡದೆ ಮೊಬೈಲು ನೋಡಿದರು, ಮುಂದಿನದು ಬರೆಯುವುದಿಲ್ಲ.

ನೇತ್ರಾಣಿಯನ್ನು ಪಾರಿವಾಳ ದ್ವೀಪ ಎಂದೂ ಕರೆಯುತ್ತಾರೆ. ಸುತ್ತ ಕಡಿದಾದ ಬಂಡೆ, ಮೇಲೆ ಕಾಡು, ಕಾಡಿನಲ್ಲಿ ಬಿಟ್ಟುಹೋದ ಆಡುಗಳು. ಹಿಂದೆ ನೌಕಾಪಡೆ ಗುಂಡು ಹಾರಿಸಿ ಗುರಿ ಅಭ್ಯಾಸ ಮಾಡುತ್ತಿದ್ದ ಜಾಗವೂ ಹೌದು, ಹಾಗಾಗಿ ಕಾಲಿಡದಿರಲು ಹಕ್ಕಿಯಲ್ಲದೆ ಬೇರೆ ಕಾರಣವೂ ಇದೆ. ಬಾಸ್ ರಾಕಿನಂತೆ ಸುಣ್ಣ ಬಳಿದ ಬಂಡೆಯನ್ನು ನಿರೀಕ್ಷಿಸಿ ಹೋದರೆ ನಿರಾಸೆಯಾಗುತ್ತದೆ. ರೀವಗಳ ದೊಡ್ಡ ಸಂಸಾರ ನೋಡಬೇಕಾದರೆ ಲಕ್ಷದ್ವೀಪದ ಪಿಟ್ಟಿಯಂಥ ಜಾಗ, ಅಥವಾ ಮಹಾರಾಷ್ಟ್ರದ ವೆಂಗುರ್ಲಾ ಬಂಡೆಗಳು. ನೇತ್ರಾಣಿಯ ದೊರೆ ಬಿಳಿಹೊಟ್ಟೆಯ ಕಡಲ ಹದ್ದು. ಕಡ್ಡಿಗಳನ್ನು ವರ್ಷದಿಂದ ವರ್ಷಕ್ಕೆ ಪೇರಿಸುತ್ತಾ ಹೋಗುವುದರಿಂದ ಅದರ ಗೂಡು ಎತ್ತಿನಗಾಡಿಯ ಹುಲ್ಲಿನ ಹೊರೆಯಂತಿರುತ್ತದೆ. ದೊಡ್ಡ ಹದ್ದು ಬೂದು ಬಿಳಿ, ಮರಿ ಕಂದು. ಇವುಗಳನ್ನು ಬೇರೆ ಬೇರೆ ಬರೆಯಬೇಕು, ಇಲ್ಲದಿದ್ದರೆ ಮರಿಯನ್ನು ಬೇರೆ ಜಾತಿಯ ಹದ್ದೆಂದು ಮನೆಗೆ ತಂದು ಪುಸ್ತಕದಲ್ಲಿ ಹುಡುಕುತ್ತಾ ಕೂರುತ್ತೀರಿ. ನಾನು ಕೂತಿದ್ದೆ.

ಅಲೆಯ ಮೇಲೆ ಎಣಿಸುವುದಕ್ಕೆ ಒಂದೇ ಉಪಾಯ. ದೋಣಿ ಅಲೆಯ ತಗ್ಗಿಗೆ ಇಳಿದಾಗ ಬಂಡೆಯ ಅರ್ಧ ಕಾಣುವುದಿಲ್ಲ, ಏರಿದಾಗ ಮೂರು ನಾಲ್ಕು ಸೆಕೆಂಡು ಪೂರ್ತಿ ಕಾಣುತ್ತದೆ. ಪ್ರತಿ ಏರಿಗೆ ಒಂದೇ ಖಾನೆ ಎಣಿಸಿ. ಇಳಿಯುವಾಗ ಹುಣಸೆ ಬೀಜ ಬದಲಿಸಿ. ಮತ್ತೆ ಏರಿದಾಗ ಮುಂದಿನ ಖಾನೆ. ಅವತ್ತು ಅದನ್ನು ಮಾಡುತ್ತಾ ನನಗೆ ಶ್ರೀರಂಗಪಟ್ಟಣದ ಬಳಿಯ ಪಶ್ಚಿಮವಾಹಿನಿಯ ರೈಲು ಸೇತುವೆ ನೆನಪಾಯಿತು, ಕಂಬಿಗಳ ನಡುವೆ ಬಂಡೆ ತೋರಿ ಮರೆಯಾಗುತ್ತಿದ್ದದ್ದು. ಕೈಗೆ ಮೊದಲೇ ಗೊತ್ತಿದ್ದ ಕೆಲಸ.

ಪೆನ್ನು ಒಯ್ಯಬೇಡಿ, ಉಪ್ಪುನೀರು ಬಿದ್ದರೆ ಶಾಯಿ ಹರಡುತ್ತದೆ. ಪೆನ್ಸಿಲ್ಲನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ. ಪುಸ್ತಕವನ್ನು ಮನೆಗೆ ಬಂದ ದಿನವೇ ಶುದ್ಧಪ್ರತಿ ಮಾಡಿ, ಆದರೆ ಒದ್ದೆಯಾದ ಮೂಲ ಹಾಳೆ ಎಸೆಯಬೇಡಿ. ನೇತ್ರಾಣಿಯ ನನ್ನ ಹಾಳೆ ಈಗಲೂ ಇದೆ, ಒಣಗಿ ಹಪ್ಪಳದಂತಾಗಿದೆ. ಅದರಲ್ಲಿ ಹೀಗಿದೆ: ‘ಕಡಲ ಹದ್ದು ದೊಡ್ಡದು 2, ಕಂದು ಮರಿ 1. ಗೂಡು 1, ಕೂತದ್ದು ಕಾಣಲಿಲ್ಲ. ರೀವ ಬಂಡೆಯ ಮೇಲೆ 0. ಒದ್ದೆ ಗೆರೆ ಅರ್ಧ ಆಳು. ಎರಡನೆಯ ಎಣಿಕೆ ಅದೇ. ಪಶ್ಚಿಮ ಬದಿ ನೋಡಿಲ್ಲ.’